ಕಿಂಡಿ ಬಿಟ್ಟ ಮುಚ್ಚಳ

ಅತ್ತಿಗೆ ನಾದಿನಿ ಒಂದೇ ಸೂರಿನಡಿ ಇದ್ದರೆ ಹಾವು ಮುಂಗುಸಿಯನ್ನು ಒಂದೇ ಬುಟ್ಟಿಯಲ್ಲಿ ಸಾಕಿದ ಹಾಗೆ ಎಂದು ಹೇಳುವುದುಂಟು. ಹಾಗೆ ಹೇಳುವವರು ಯಾರೂ ಈ ಮನೆಯ ಹಿತ್ತಲಿನ ಶೆಡ್ಡಿಗೆ ಬಂದು ನೋಡಿದವರಲ್ಲ. ಮಧ್ಯಾಹ್ನದ ಊಟ ಮುಗಿದದ್ದೇ ತಡ, ಇಬ್ಬರೂ ಮಸಿ ಹಿಡಿದ ಮೇಲಂಗಿ ತೊಟ್ಟು ಒಂದೇ ಮೋಟರ್‌ಸೈಕಲ್ಲಿನ ಎರಡು ಬದಿಗೆ ಕೂತುಬಿಡುತ್ತಿದ್ದರು. ಕೆಲಸ ಅತ್ತಿಗೆಯದು, ಮಾತು ನಾದಿನಿಯದು.

ನಾದಿನಿಯನ್ನು ಎಲ್ಲರೂ ಪಿನ್ನು ಅನ್ನುತ್ತಿದ್ದರು. ಗಾತ್ರವೂ ಅಷ್ಟೇ, ಚುಚ್ಚುವುದೂ ಹಾಗೇ. ರೇಸಿನಲ್ಲಿ ತನ್ನ ಎರಡರಷ್ಟು ತೂಕದ ಗಂಡಸರ ಒಳಮಗ್ಗುಲಿನಿಂದ ನುಸುಳಿ ಮುಂದೆ ಹೋಗಿ, ಸಂಜೆ ಅವರ ಮುಖ ನೋಡಿ ನಗುವಷ್ಟು ಎದೆಗಾರಿಕೆ. ಅತ್ತಿಗೆ ಬಿಡಿಭಾಗದ ಅಂಗಡಿಯವನ ಮಗಳು. ಅಕ್ಷರಕ್ಕಿಂತ ಮೊದಲು ಬೋಲ್ಟಿನ ಅಳತೆ ಕಲಿತವಳು. ಅಂಗಡಿಗೆ ಬರುತ್ತಿದ್ದ ಹೆಸರುವಾಸಿ ರೇಸುಗಾರನೊಬ್ಬನನ್ನು ಮೆಚ್ಚಿ ಮದುವೆಯಾದಳು. ಅವನೇ ಪಿನ್ನುವಿನ ಅಣ್ಣ, ಜನ ಕರೆಯುತ್ತಿದ್ದದ್ದು ಗೂಳಿ ಎಂದು. ಗೂಳಿಗೆ ಓಡಿಸುವುದು ಗೊತ್ತಿತ್ತು, ಬಿಗಿಯುವುದು ಗೊತ್ತಿರಲಿಲ್ಲ. ಬಿಗಿಯುವುದಕ್ಕೆ ಹೆಂಡತಿ ಸಿಕ್ಕಳು.

ಅವನು ರೇಸಿನಲ್ಲಿ ಬಿದ್ದು ಮೊಣಕಾಲು ಪುಡಿಯಾದ ಮೇಲೆ ಸಿಟ್ಟಿನವನಾದ ಎಂದು ನೆರೆಹೊರೆಯವರು ಹೇಳುತ್ತಿದ್ದರು. ಪಾಪ, ನೋವು ಮನುಷ್ಯನನ್ನು ಕೆಡಿಸುತ್ತದೆ ಎಂದು ಸಮಾಧಾನದ ಮಾತು. ಅದು ಸುಳ್ಳು. ಅತ್ತಿಗೆಯ ಎಡಗಿವಿಯ ತಮಟೆ ಹರಿದದ್ದು ಅವನ ಎರಡೂ ಕಾಲು ನೆಟ್ಟಗಿದ್ದಾಗಲೇ. ಅದಕ್ಕೂ ಮೊದಲು, ಪಿನ್ನು ಇನ್ನೂ ಶಾಲೆಗೆ ಹೋಗುತ್ತಿದ್ದಾಗ, ಅಣ್ಣನ ಹೆಲ್ಮೆಟ್ಟು ಹಾಕಿಕೊಂಡಳೆಂದು ಆ ಹೆಲ್ಮೆಟ್ಟಿನ ಸಮೇತ ಅವಳ ತಲೆಯನ್ನು ಗೋಡೆಗೆ ಬಡಿದಿದ್ದ. ಕಾಲು ಹೋದದ್ದರಿಂದ ಆದ ವ್ಯತ್ಯಾಸ ಒಂದೇ: ಮೊದಲು ಆಗಾಗ ಹೊರಗೆ ಹೋಗುತ್ತಿದ್ದ, ಈಗ ಸದಾ ಮನೆಯಲ್ಲಿರುತ್ತಿದ್ದ.

ಗಾಡಿ ಮಾತ್ರ ಸುಮ್ಮನೆ ನಿಲ್ಲಲಿಲ್ಲ. ಗೂಳಿ ಆಸ್ಪತ್ರೆಯಲ್ಲಿದ್ದಾಗ ಪಿನ್ನು ಅದನ್ನು ಮೈದಾನಕ್ಕೆ ಒಯ್ದಳು. ಅವನು ಮನೆಗೆ ಬರುವ ಹೊತ್ತಿಗೆ ಅವಳ ಹೆಸರು ಊರೆಲ್ಲ ಆಗಿತ್ತು. ಅವನು ಹಲ್ಲು ಕಚ್ಚಿ ಸುಮ್ಮನಿದ್ದ. ಅವಳು ಗೆದ್ದು ಬಂದಾಗ ನಾಲ್ಕು ಜನರ ಮುಂದೆ, "ನಾನು ಕಲಿಸಿದ್ದು ಕಣ್ರೋ" ಎಂದು ಬೀಗುವ ಸುಖವೂ ಅವನಿಗೆ ಬೇಕಿತ್ತು. ಜನ ಹೋದ ಮೇಲೆ ಆ ಗೆಲುವಿನ ಬಾಕಿಯನ್ನು ಹೆಂಡತಿಯ ಬೆನ್ನಿನ ಮೇಲೆ ತೀರಿಸಿಕೊಳ್ಳುತ್ತಿದ್ದ.

ಹಿಂದಿನ ರೇಸಿನಲ್ಲಿ ಕ್ಲಚ್ಚು ಕೈಕೊಟ್ಟಿತು. ಆ ಗಾಡಿಯ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುವಂಥದ್ದಲ್ಲ, ಒಣ ಕ್ಲಚ್ಚು. ಎಂಜಿನ್ನಿನ ಬಲಮಗ್ಗುಲಿಗೆ, ಊಟದ ತಟ್ಟೆಯಷ್ಟಗಲದ ಮುಚ್ಚಳದ ಕೆಳಗೆ ತಿರುಗುತ್ತಿರುತ್ತದೆ. ಮುಚ್ಚಳ ಪೂರ್ತಿ ಮುಚ್ಚಿದ್ದರಿಂದ ಬಿಸಿ ಹೊರಗೆ ಹೋಗಲು ದಾರಿಯಿಲ್ಲ, ಕ್ಲಚ್ಚಿನ ತಟ್ಟೆಗಳು ಉಜ್ಜಿ ಸವೆದ ಪುಡಿಗೂ ದಾರಿಯಿಲ್ಲ. ಕೊನೆಯ ಸುತ್ತುಗಳಲ್ಲಿ ಎಂಜಿನ್ನು ಬೊಬ್ಬೆ ಹೊಡೆಯಿತೇ ಹೊರತು ಚಕ್ರ ಎಳೆಯಲಿಲ್ಲ. ಸುಟ್ಟ ವಾಸನೆ ಬಂತು. ಪಿನ್ನು ಹಿಂದೆ ಬಿದ್ದಳು.

"ಒಲೆ ಮೇಲೆ ಪಾತ್ರೆ ಇಟ್ಟು ಮುಚ್ಚಳಕ್ಕೆ ಕಲ್ಲು ಹೇರಿದ ಹಾಗೆ ಆಯ್ತು," ಎಂದಳು ಅತ್ತಿಗೆ. "ಇದಕ್ಕೆ ಉಸಿರಾಡೋಕೆ ಬಿಡಬೇಕು ಕಣೇ."

ಪಿನ್ನು ತನ್ನ ದುಡ್ಡಿನಲ್ಲೇ ಹೊಸ ಮುಚ್ಚಳ ತರಿಸಿದಳು. ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆದದ್ದು, ಅಂಚಿನಲ್ಲಷ್ಟೇ ಲೋಹ, ನಡುವೆಲ್ಲ ಕಿಂಡಿ. ಹಿಂಬದಿಯ ಕಿಂಡಿಯಂತೂ ಅಂಗೈ ತೂರುವಷ್ಟು ಅಗಲ.

ಗೂಳಿ ಮೊಣಕಾಲಿನ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋಗುವ ಮಧ್ಯಾಹ್ನವನ್ನೇ ಅವರು ಆರಿಸಿಕೊಂಡರು. ಅವನು ಕೋಲೂರಿಕೊಂಡು ಬೀದಿಯ ತಿರುವು ದಾಟಿದ್ದನ್ನು ಪಿನ್ನು ಕಿಟಕಿಯಿಂದ ನೋಡಿ ಬಂದಳು.

"ಹೋಯ್ತು ಮಾರಿ. ಶುರು ಮಾಡು ಅತ್ತಿಗೆ."

"ಮೊದಲು ಆ ಜಡೆ ಕಟ್ಟಿಕೋ. ಇನ್ಮೇಲೆ ಇದರ ಹತ್ತಿರ ಜಡೆ, ತೋಳು, ಶೂ ದಾರ, ಏನೂ ಜೋಲಾಡಬಾರದು."

"ಬಾಯಿ?"

"ಅದನ್ನ ಕಟ್ಟೋಕೆ ನಿಮ್ಮಮ್ಮನ ಕೈಲೇ ಆಗಿಲ್ಲ."

ಪಿನ್ನು ಜಡೆಯನ್ನು ಸುತ್ತಿ ತುರುಬು ಹಾಕಿದಳು. ಅತ್ತಿಗೆ ಹಳೆ ಮುಚ್ಚಳದ ಬೋಲ್ಟುಗಳನ್ನು ಒಂದೊಂದಾಗಿ, ಎದುರುಬದುರು ಹಿಡಿದು ಸಡಿಲಿಸಿದಳು. ಕೆಳಗಿನದೊಂದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅದರ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಬಿಸಿ ಗಾಳಿ ಕೊಟ್ಟು, ಮತ್ತೆ ಸ್ಪ್ಯಾನರು ಹಾಕಿ ತಿರುಗಿಸಿದಾಗ ಕಿರ್ರೆಂದು ಬಿಟ್ಟುಕೊಟ್ಟಿತು. ಮುಚ್ಚಳ ಕಳಚಿದರೆ ಒಳಗೆ ಕಾಡಿಗೆಯಂಥ ಪುಡಿ ಬೆರಳು ದಪ್ಪಕ್ಕೆ ಕೂತಿತ್ತು. ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದನ್ನು ಬ್ರಶ್ಶಿನಿಂದ ಗುಡಿಸಿದರು. ಹಳೆ ಮುಚ್ಚಳವನ್ನು ಪಿನ್ನು ತಗಡಿನ ತಟ್ಟೆಯಲ್ಲಿ ಬೋರಲು ಹಾಕಿದಳು. ಅದರ ಬೆನ್ನಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೂಳಿಯ ತಲೆ ಬರೆಸಿತ್ತು.

ಹೊಸದರ ಜೊತೆ ಬಂದ ಬೋಲ್ಟುಗಳಲ್ಲಿ ಎರಡು ಅಳತೆಗಿಂತ ಉದ್ದವಾದವು. ಬೋಲ್ಟು ತಳ ತಾಗಿದರೆ ಎಂಜಿನ್ನಿನ ತೂತಿನೊಳಗಿನ ತಿರುಪಿನ ಗೆರೆ ಕಿತ್ತುಹೋಗುತ್ತದೆ. ಅತ್ತಿಗೆ ಅಲ್ಲಿಗೆ ಹಳೆಯವನ್ನೇ ಹಾಕಿದಳು. ಕ್ಲಚ್ಚಿನ ಸ್ಪ್ರಿಂಗುಗಳ ತಲೆಯ ಮೇಲೆ ಮೆತ್ತನೆ ಜೇಡಿಯ ಗುಳಿಗೆ ಅಂಟಿಸಿ, ಮುಚ್ಚಳ ಕೂರಿಸಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ, ಮತ್ತೆ ತೆಗೆದು ನೋಡಿದಳು. ಜೇಡಿ ಎಲ್ಲೂ ಚಪ್ಪಟೆಯಾಗಿರಲಿಲ್ಲ. ತಾಗುತ್ತಿಲ್ಲ ಎಂದಾಯಿತು. ಜೇಡಿ ಕಿತ್ತು, ಬೋಲ್ಟುಗಳನ್ನು ಮೊದಲು ಬೆರಳಿನಿಂದ ಹತ್ತಿಸಿ, ಆಮೇಲೆ ಉದ್ದನೆಯ ಅಳತೆ ಸ್ಪ್ಯಾನರಿನಿಂದ ಬಿಗಿದಳು. ಪ್ರತಿ ಬೋಲ್ಟಿಗೂ ಬಿಗಿ ಸಾಕೆಂದು ಸ್ಪ್ಯಾನರು ಟಕ್ಕೆಂದಾಗ ಪಿನ್ನು, "ಭೇಷ್" ಎನ್ನುತ್ತಿದ್ದಳು.

ಸ್ಪ್ಯಾನರನ್ನು ಸೀಟಿನ ಮೇಲೆ ಇಟ್ಟು ಅತ್ತಿಗೆ ಗಾಡಿಯ ಬಲಕ್ಕೆ ನಿಂತು ಎಂಜಿನ್ನು ಹಚ್ಚಿದಳು. ಕ್ಲಚ್ಚಿನ ಹಿಡಿ ಅದುಮಿದಾಗ ಡಬ್ಬಿಯಲ್ಲಿ ಬೆಣಚುಕಲ್ಲು ಅಲ್ಲಾಡಿಸಿದ ಹಾಗೆ ಗಡಗಡ ಸದ್ದು ಶೆಡ್ಡು ತುಂಬಿತು. ಹಿಡಿ ಬಿಟ್ಟರೆ ಸದ್ದು ಅಡಗಿ, ಕಿಂಡಿಗಳ ಒಳಗೆ ಬೆಳ್ಳಿ ಬಣ್ಣದ್ದೊಂದು ಸುಳಿ ಮಾತ್ರ ಉಳಿಯುತ್ತಿತ್ತು. ಪಿನ್ನು ಚಪ್ಪಾಳೆ ತಟ್ಟಿ ಕುಣಿದಳು. ಅತ್ತಿಗೆಯೂ ನಕ್ಕಳು. ಅವಳಿಗೆ ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸವಿತ್ತು. ಒಂದು ಹಲ್ಲು ಇರಲಿಲ್ಲ.

ಕಿವುಡು ಕಿವಿ ಬಾಗಿಲಿನ ಕಡೆಗಿತ್ತು. ಅದಕ್ಕೇ ಅವಳಿಗೆ ಕೋಲಿನ ಸದ್ದು ಕೇಳಲಿಲ್ಲ. ಪಿನ್ನುವಿನ ಮುಖ ಬಿಳಿಚಿಕೊಂಡದ್ದು ನೋಡಿ ತಿರುಗಿದಳು. ಗೂಳಿ ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ, ಅಡುಗೆಮನೆಯ ಹೊಸಿಲಲ್ಲಿ ಅವನ ತಾಯಿ.

"ವ್ಯಾಯಾಮ ಮಾಡಿಸೋನು ಇವತ್ತು ರಜ," ಎಂದ. ದನಿ ತಣ್ಣಗಿತ್ತು. ಆ ತಣ್ಣಗಿನ ದನಿ ಅತ್ತಿಗೆಗೆ ಗೊತ್ತು. ಅವನ ಕಣ್ಣು ತಗಡಿನ ತಟ್ಟೆಯಲ್ಲಿದ್ದ ಕೆಂಪು ತಲೆಯ ಮೇಲೆ ನಿಂತಿತ್ತು. "ಯಾರನ್ನ ಕೇಳಿ ಬಿಚ್ಚಿದ್ರಿ?"

"ರೀ, ಕ್ಲಚ್ಚು ಸುಡ್ತಾ ಇತ್ತು..."

ಮಾತು ಮುಗಿಯಲಿಲ್ಲ. ಮುಷ್ಟಿ ಬಾಯಿಯ ಮೇಲೆ ಬಿತ್ತು. ಅತ್ತಿಗೆ ಗಾಡಿಗೆ ಆತು ನಿಂತಳು. ಬಾಯಿ ತುಂಬ ಉಪ್ಪುಪ್ಪು.

"ನಾನು ಹೇಳಿದ್ದು ಅಣ್ಣ, ನಾನು!" ಪಿನ್ನು ನಡುವೆ ನುಗ್ಗಿದಳು. "ನಿನ್ನ ಮುಚ್ಚಳದಿಂದ ಸೋತೆ ನಾನು. ಗಾಡಿ ಓಡಿಸೋಳು ನಾನು."

"ನೀನು ಓಡಿಸೋದು ನನ್ನ ಗಾಡಿ."

"ಓಡಿಸಿ ನೋಡು ಹಾಗಾದ್ರೆ. ಹತ್ತು. ಹತ್ತಿ ತೋರಿಸು!"

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಗೂಳಿ ಕೋಲನ್ನು ಎರಡೂ ಕೈಯಲ್ಲಿ ಎತ್ತಿದ. ಪಿನ್ನು ತಲೆ ತಪ್ಪಿಸಿಕೊಂಡಳು, ಭುಜ ತಪ್ಪಿಸಿಕೊಳ್ಳಲಾಗಲಿಲ್ಲ. ಕೊರಳೆಲುಬು ಮುರಿದ ಸದ್ದು ಎಂಜಿನ್ನಿನ ಸದ್ದಿನ ಮೇಲೂ ಕೇಳಿಸಿತು, ಒಣ ಪುಳ್ಳೆ ಮುರಿದ ಹಾಗೆ. ಅವಳು ಮಂಡಿಯೂರಿದಳು. ಕೋಲು ಮತ್ತೆ ಎದ್ದಿತು, ಬೆನ್ನಿಗೆ ಬಿತ್ತು. ಮತ್ತೆ ಎದ್ದು ಪಕ್ಕೆಗೆ ಬಿತ್ತು.

"ಅತ್ತೆ! ಹಿಡ್ಕೊಳ್ಳಿ ಅವರನ್ನ!" ಎಂದು ಅತ್ತಿಗೆ ಕೂಗಿದಳು.

ತಾಯಿ ಹೊಸಿಲು ದಾಟಲಿಲ್ಲ. "ಬಾಯಿ ಮುಚ್ಕೊಂಡು ಇರೋದು ಕಲೀಲಿಲ್ಲ ಅವಳು," ಎಂದಳು, ಯಾರಿಗೋ ಎಂಬಂತೆ.

ಗೂಳಿ ಕೋಲು ಬಿಸಾಡಿದ. ತುರುಬು ಬಿಚ್ಚಿ ಜಡೆ ನೆಲಕ್ಕೆ ಜಾರಿತ್ತು. ಅದನ್ನು ಬಲಗೈಗೆ ಸುತ್ತಿಕೊಂಡು ತಂಗಿಯನ್ನು ಗಾಡಿಯ ಬಳಿಗೆ ಎಳೆದ. "ಉಸಿರಾಡೋ ಕ್ಲಚ್ಚು ಬೇಕಾ? ಹತ್ತಿರದಿಂದ ನೋಡು. ಚೆನ್ನಾಗಿ ನೋಡು." ಅವಳ ಮುಖವನ್ನು ಕಿಂಡಿಯ ಕಡೆಗೆ ಒತ್ತಿದ. ಪಿನ್ನು ಒಂದು ಕೈಯನ್ನು ಎಂಜಿನ್ನಿಗೆ ಕೊಟ್ಟು ತಳ್ಳಿದಳು. ಇನ್ನೊಂದು ಕೈ ಏಳಲೇ ಇಲ್ಲ. ಸುಳಿಯ ಗಾಳಿಗೆ ಅವಳ ಹಣೆಯ ಕೂದಲು ಹಾರಾಡುತ್ತಿತ್ತು. "ಅಣ್ಣಾ, ಬೇಡಾ... ಅತ್ತಿಗೆ!"

ಅತ್ತಿಗೆಯ ಬಲಗೈ ಹ್ಯಾಂಡಲಿನ ಮೇಲಿತ್ತು. ಹೆಬ್ಬೆರಳಿನ ಪಕ್ಕದಲ್ಲೇ ಎಂಜಿನ್ನು ನಿಲ್ಲಿಸುವ ಕೆಂಪು ಗುಂಡಿ. ಎಡಗೈಯ ಅಳತೆಯಲ್ಲಿ, ಸೀಟಿನ ಮೇಲೆ, ಉದ್ದನೆಯ ಸ್ಪ್ಯಾನರು. ಎರಡೂ ಅವಳಿಗೆ ಕಂಡವು. ಅವಳು ಹ್ಯಾಂಡಲು ಬಿಟ್ಟು ಎರಡೂ ಕೈಯಿಂದ ಸ್ಪ್ಯಾನರು ಹಿಡಿದಳು.

ಏಟು ಗೂಳಿಯ ಬಲ ಮೊಣಕೈಯಿಂದ ಒಂದು ಗೇಣು ಕೆಳಗೆ ಬಿತ್ತು. ಜಡೆ ಹಿಡಿದ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ಪಿನ್ನು ಪಕ್ಕಕ್ಕೆ ಉರುಳಿದಳು. ಅವಳ ಮೇಲೆ ಭಾರ ಹಾಕಿ ಬಾಗಿದ್ದ ಗೂಳಿಗೆ ಆಧಾರ ತಪ್ಪಿತು, ಕೆಟ್ಟ ಮೊಣಕಾಲು ಮಡಚಿಕೊಂಡಿತು. ಬೀಳುವವನು ಯಾರೇ ಆದರೂ ಮಾಡುವುದನ್ನೇ ಅವನೂ ಮಾಡಿದ: ಎಡಗೈ ಮುಂದಕ್ಕೆ ಚಾಚಿದ.

ಕೈ ಕಿಂಡಿಯೊಳಗೆ ಹೋಯಿತು.

ಎಂಜಿನ್ನಿನ ಸದ್ದು ಒಂದು ಸಲ ಕುಗ್ಗಿ ಮತ್ತೆ ಎದ್ದಿತು. ಹೊಸ ಮುಚ್ಚಳದ ಮೇಲೆ, ಟ್ಯಾಂಕಿನ ಮೇಲೆ, ಅತ್ತಿಗೆಯ ಮೇಲಂಗಿಯ ಮೇಲೆ ರಕ್ತ ಎರಚಿತು. ಗೂಳಿ ಬಾಯಿ ತೆರೆದಿದ್ದ, ಆದರೆ ಕೂಗು ಇನ್ನೂ ಹೊರಟಿರಲಿಲ್ಲ. ಅವನು ಹೆಂಡತಿಯ ಮುಖ ನೋಡುತ್ತಿದ್ದ, ಆ ಗುಂಡಿ ನೋಡುತ್ತಿದ್ದ, ಮತ್ತೆ ಮುಖ ನೋಡುತ್ತಿದ್ದ. ಅತ್ತಿಗೆ ಸ್ಪ್ಯಾನರು ಹಿಡಿದು ನಿಂತಿದ್ದಳು. ಎಷ್ಟು ಹೊತ್ತು ಎಂದು ಆಮೇಲೆ ಅವಳೇ ಎಷ್ಟೋ ಸಲ ಕೇಳಿಕೊಂಡಳು. ಒಂದು ಉಸಿರೋ, ಎರಡು ಉಸಿರೋ. ಪಿನ್ನು ನೆಲದ ಮೇಲಿಂದಲೇ, "ಆಫ್ ಮಾಡು ಅತ್ತಿಗೆ! ಆಫ್!" ಎಂದು ಚೀರಿದಾಗ ಅವಳ ಹೆಬ್ಬೆರಳು ಗುಂಡಿ ಒತ್ತಿತು.

ಆಮೇಲೆ ಕೂಗು ಹೊರಟಿತು. ತಾಯಿ ಈಗ ಹೊಸಿಲು ದಾಟಿ ಓಡಿಬಂದಳು.

ಅತ್ತಿಗೆಯ ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡಿದವು. ಮೇಲಂಗಿಯ ಪಟ್ಟಿ ಹರಿದು ಅವನ ಮಣಿಕಟ್ಟಿಗೆ ಬಿಗಿದಳು. ಬೋಲ್ಟು ಬಿಚ್ಚಿ ಮುಚ್ಚಳ ತೆಗೆದು ಕೈಯನ್ನು ಬಿಡಿಸಿದಳು. ಮೂರು ಬೆರಳು ಕೈಯೊಂದಿಗೆ ಬರಲಿಲ್ಲ. ಅವುಗಳಲ್ಲಿ ಸಿಕ್ಕಷ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದಳು. ಎದುರು ವರ್ಕ್‌ಶಾಪಿನವನು ಟೆಂಪೊ ತಂದ. ಅಣ್ಣ ತಂಗಿ ಇಬ್ಬರನ್ನೂ ಅದರ ಹಿಂದೆ ಮಲಗಿಸಿ, ನಡುವೆ ಅತ್ತಿಗೆ ಕೂತಳು. ದಾರಿಯುದ್ದಕ್ಕೂ ಅವಳ ಒಂದು ಕೈ ಗಂಡನ ಮಣಿಕಟ್ಟನ್ನು ಒತ್ತಿ ಹಿಡಿದಿತ್ತು, ಇನ್ನೊಂದು ಕೈಯನ್ನು ಪಿನ್ನು ಬಿಡಲಿಲ್ಲ.

ಆಸ್ಪತ್ರೆಗೆ ಪೊಲೀಸಿನವನೊಬ್ಬ ಬಂದ. ಮೂವರಲ್ಲಿ ಮೂವರಿಗೂ ಪೆಟ್ಟು, ಅವನೂ ಕಣ್ಣಿದ್ದವನೇ. ಮಂಚದ ಪಕ್ಕ ನಿಂತು, "ಏನಾಯ್ತು ಹೇಳಿ" ಎಂದ. ಗೂಳಿಯ ಎಡಗೈ ಬಟ್ಟೆಯ ಉಂಡೆಯಾಗಿತ್ತು, ಮುರಿದ ಬಲಗೈ ಪ್ಲಾಸ್ಟರಿನಲ್ಲಿತ್ತು. ಅವನು ಹೆಂಡತಿಯ ಕಡೆ ನೋಡಲಿಲ್ಲ. ಗೂಳಿ ಎಂಬ ಹೆಸರಿನವನು ಹೆಂಡತಿಯಿಂದ ಏಟು ತಿಂದೆ ಎಂದು ಬರೆಸುವುದುಂಟೇ?

"ಜಾರಿ ಬಿದ್ದೆ," ಎಂದ.

ಗಾಯ ಕಟ್ಟುವ ನರ್ಸು ತಟ್ಟೆಯಲ್ಲಿ ಕತ್ತರಿ ಇಟ್ಟು ಅತ್ತಿಗೆಯನ್ನು ಒಮ್ಮೆ ನೋಡಿದಳು. ಈ ಎರಡು ಮಾತನ್ನು ಅದೇ ವಾರ್ಡಿನಲ್ಲಿ ಅತ್ತಿಗೆ ಹೇಳಿದ್ದನ್ನು ಅವಳು ಬೇಕಾದಷ್ಟು ಸಲ ಕೇಳಿದ್ದಳು.

"ಅವನು ಜಾರಿ ಬಿದ್ದ, ನಾನೇನು ಹಾರಿ ಬಿದ್ನಾ?" ಎಂದಳು ಪಕ್ಕದ ಮಂಚದಿಂದ ಪಿನ್ನು. "ಬರ್ಕೊಳ್ಳಿ ಸಾರ್. ನನ್ನ ಕೊರಳೆಲುಬು ಮುರಿದವನು ಇವನು. ನನ್ನ ಮುಖಾನ ಆ ಯಂತ್ರಕ್ಕೆ ಹಿಡಿದವನು ಇವನು."

ಪೊಲೀಸಿನವನು ಅತ್ತಿಗೆಯ ಕಡೆ ತಿರುಗಿದ. "ನೀವೇನು ಹೇಳ್ತೀರಮ್ಮ?"

ಅವಳ ತುಟಿ ಊದಿಕೊಂಡಿತ್ತು. ನಿಧಾನವಾಗಿ ಹೇಳಿದಳು. "ಅವಳು ಹೇಳಿದ್ದು ನಿಜ. ಬಿಡಿಸೋಕೆ ನಾನು ಸ್ಪ್ಯಾನರಲ್ಲಿ ಹೊಡೆದೆ. ಕೈ ಒಳಗೆ ಹೋಗಿದ್ದು ಅದರಿಂದ." ಅವಳು ತುಟಿ ಒರೆಸಿಕೊಂಡಳು. "ಗುಂಡಿ ಹತ್ತಿರಾನೇ ಇತ್ತು. ಒತ್ತೋದು ಸ್ವಲ್ಪ ತಡವಾಯ್ತು."

"ಗಾಬರೀಲಿ ಆಗಿರುತ್ತೆ ಬಿಡಿ," ಎಂದು ಅವನು ಬರೆದುಕೊಂಡ.

ಅದು ಗಾಬರಿಯಲ್ಲ ಎಂದು ಅಲ್ಲಿ ಇಬ್ಬರಿಗೆ ಗೊತ್ತಿತ್ತು. ಅವಳಿಗೆ, ಮತ್ತು ಗೂಳಿಗೆ. ಅವನು ಆಗ ಹೆಂಡತಿಯ ಮುಖ ನೋಡಿದ. ಆ ಕಣ್ಣುಗಳಲ್ಲಿ ಅವಳು ಮದುವೆಯಾದಾಗಿನಿಂದ ಕಾಣದಿದ್ದದ್ದೊಂದು ಇತ್ತು. ಹೆದರಿಕೆ. ಎಷ್ಟೋ ವರ್ಷ ಅವಳು ಅದನ್ನೇ ಬಯಸಿದ್ದಳು. ಇವನು ಒಂದೇ ಒಂದು ದಿನ ನನ್ನ ಕಂಡು ಹೆದರಲಿ, ಸಾಕು ಎಂದು. ಈಗ ಅದು ಎದುರಿಗೆ ಬಂದಾಗ ಅವಳಿಗೆ ಬೇಡವಾಯಿತು. ಹೊರಗೆ ಹೋಗಿ ನಲ್ಲಿಯ ಬಳಿ ವಾಂತಿ ಮಾಡಿದಳು. ಆದರೆ ಆ ರಾತ್ರಿ ವಾರ್ಡಿನ ಬೆಂಚಿನ ಮೇಲೆ, ಬೆಳಕು ಉರಿಯುತ್ತಿದ್ದರೂ, ಮಗುವಿನ ಹಾಗೆ ನಿದ್ದೆ ಹೋದಳು. ಬೆಳಿಗ್ಗೆ ಎದ್ದಾಗ ಆ ನಿದ್ದೆಗೆ ನಾಚಿಕೆಯಾಯಿತು.

ಮರುದಿನ ಬಟ್ಟೆಬರೆ ತರಲು ಮನೆಗೆ ಹೋದಳು. ಗೂಳಿಯ ತಾಯಿ ಶೆಡ್ಡಿನ ನೆಲ ತೊಳೆಯುತ್ತಿದ್ದಳು. ಪೊರಕೆ ನಿಲ್ಲಿಸದೆ ಮಾತಾಡಿದಳು.

"ನನ್ನ ಮಗನ ಕೈ ತಿಂದೆಯಲ್ಲೇ."

"ನಿಮ್ಮ ಮಗಳ ಮುಖ ಉಳೀತು ಅತ್ತೆ."

ಪೊರಕೆ ನಿಂತಿತು. "ಗಂಡಸಿಗೆ ಸಿಟ್ಟು ಬರುತ್ತೆ. ಇವರಪ್ಪನಿಗೆ ಬರ್ತಿರಲಿಲ್ವಾ? ನಾನು ಏಟು ತಿನ್ನಲಿಲ್ವಾ? ನಾನೇನು ಅವರ ಕೈ ಕತ್ತರಿಸಿದ್ನಾ?"

"ನೀವು ಕತ್ತರಿಸಿದ್ರೆ ಇವರು ಕಲೀತಿರಲಿಲ್ಲ."

ಮುದುಕಿ ತೋಯ್ದ ನೆಲದ ಮೇಲೆ ಹಾಗೇ ಕುಕ್ಕರಿಸಿದಳು. ಅವಳು ಅತ್ತದ್ದು ಯಾರಿಗಾಗಿ ಎಂದು ಹೇಳುವುದು ಕಷ್ಟ. ಅತ್ತಿಗೆ ಪಕ್ಕದಲ್ಲಿ ಕೂತಳು, ಆದರೆ ಮುಟ್ಟಲಿಲ್ಲ. ಕೊನೆಗೆ, "ನಾನೂ ಪಿನ್ನೂ ಅಪ್ಪನ ಅಂಗಡಿ ಮೇಲಿನ ರೂಮಿಗೆ ಹೋಗ್ತೀವಿ. ನೀವೂ ಬನ್ನಿ," ಎಂದಳು.

"ಅವನಿಗೆ ಎರಡೂ ಕೈ ಇಲ್ಲ ಈಗ. ಬಾಯಿಗೆ ತುತ್ತು ಇಡೋಕೆ ಯಾರಾದ್ರೂ ಬೇಡ್ವಾ?" ಎಂದು ಮುದುಕಿ ಮೂಗೊರೆಸಿಕೊಂಡಳು. "ನೀವು ಹೋಗಿ. ಬೇಗ ಹೋಗಿ. ಅವನು ಬರೋ ಮೊದಲು."

ಪಿನ್ನು ಭುಜಕ್ಕೆ ಪಟ್ಟಿ ಬಿಗಿಸಿಕೊಂಡು ಬಂದ ಮೇಲೆ ಇಬ್ಬರೂ ಗಾಡಿಯ ಮುಂದೆ ಕೂತರು. ಕ್ಲಚ್ಚಿನ ತಟ್ಟೆಗಳಿಗೆ ರಕ್ತ ಅಂಟಿ ಒಣಗಿತ್ತು. ಅತ್ತಿಗೆ ಒಂದೊಂದೇ ಹೊರತೆಗೆದು, ಉಜ್ಜಿ, ಒರೆಸಿ ಮತ್ತೆ ಜೋಡಿಸಿದಳು. ಕೈಗೆ ಆಗಾಗ ಏನೋ ಸಣ್ಣ ಗಟ್ಟಿ ಚೂರು ಸಿಕ್ಕುತ್ತಿತ್ತು. ಅದು ಲೋಹವೋ ಅಲ್ಲವೋ ಎಂದು ನೋಡದೆ ಕಾಗದಕ್ಕೆ ಹಾಕುತ್ತಿದ್ದಳು.

"ಒಣ ಕ್ಲಚ್ಚು ಅಂತಾರೆ," ಎಂದಳು ಪಿನ್ನು. ನಗಿಸಲೆಂದು ಶುರು ಮಾಡಿದ ಮಾತು ಅರ್ಧಕ್ಕೇ ನಿಂತಿತು. "ಅತ್ತಿಗೆ, ಅವನು ನಿಜವಾಗ್ಲೂ ತಳ್ಳಿಬಿಡ್ತಿದ್ನಾ? ಒಳಗೆ?"

ಅತ್ತಿಗೆ ಯೋಚಿಸಿದಳು. "ಗೊತ್ತಿಲ್ಲ ಕಣೇ," ಎಂದಳು. ಅದು ಸತ್ಯವಾಗಿತ್ತು, ಅವಳನ್ನು ಮುಂದೆಯೂ ಬಿಡದ ಸತ್ಯ.

ಕಿಂಡಿಯ ಮುಚ್ಚಳವನ್ನೇ ಮತ್ತೆ ಕೂರಿಸಿದಳು. ಬಟ್ಟೆಯ ಗಂಟನ್ನು ಪಿನ್ನು ಒಂದೇ ಕೈಯಲ್ಲಿ ಮಡಿಲಿಗೆ ಒತ್ತಿಕೊಂಡು ಹಿಂದೆ ಕೂತಳು. ಅತ್ತಿಗೆ ಆ ಗಾಡಿಯನ್ನು ನೂರು ಸಲ ಬಿಚ್ಚಿದ್ದಳು, ಬೀದಿಯಲ್ಲಿ ಓಡಿಸಿದ್ದು ಇಲ್ಲವೆನ್ನಬೇಕು. ಮೊದಲ ತಿರುವಿನಲ್ಲಿ ಅಗಲವಾಗಿ ಹೋಗಿ ಎದುರಿನ ಲಾರಿಯವನಿಂದ ಬೈಸಿಕೊಂಡಳು. "ಬಲಗಡೆ ನೋಡು, ಬಲಗಡೆ!" ಎಂದು ಪಿನ್ನು ಕಿವಿಯಲ್ಲಿ ಕಿರುಚಿದಳು.

"ಕೇಳೋ ಕಿವೀಲಿ ಕೂಗು ಮಾರಾಯ್ತಿ!"

ಪೇಟೆಯ ನಡುವೆ ಕೆಂಪು ದೀಪ ಬಿತ್ತು. ನಿಂತು ಕ್ಲಚ್ಚು ಅದುಮಿದಾಗ ಗಡಗಡ ಸದ್ದು ಎದ್ದಿತು. ಅಕ್ಕಪಕ್ಕದವರು ತಿರುಗಿ ನೋಡಿದರು. ಅಂಗಡಿಯೊಂದರ ಮುಂದೆ ನಿಂತವನೊಬ್ಬ, "ಏನಮ್ಮಾ, ಎಂಜಿನ್ನು ಉದುರ್ತಾ ಇದೆಯಾ?" ಎಂದ. ಹಿಡಿ ಜಾರಿಹೋದೀತು ಎಂದು ಅವಳು ಎಡಗೈಯ ಬೆರಳುಗಳನ್ನು ಇನ್ನೂ ಬಿಗಿ ಮಾಡಿದಳು. ದೀಪ ಹಸಿರಾಯಿತು. ಹಿಂದಿನ ಗಾಡಿಗಳು ಹಾರ್ನು ಹೊಡೆದವು. ಅವಳು ಮೆಲ್ಲಗೆ, ಬೆರಳು ಬೆರಳಾಗಿ, ಹಿಡಿ ಬಿಟ್ಟಳು. ಗಾಡಿ ಒಮ್ಮೆ ಮುಗ್ಗರಿಸಿ, ಮುಂದೆ ಹೊರಟಿತು.